ಜೇಡಕ್ಕೆ ಕಾಲೆಷ್ಟು? ಸಮೀಪ ಛಾಯಾಗ್ರಹಣದ ಮೂಲಕ ವೀಕ್ಷಣಾ ಪಾಠ

ಜೇಡಕ್ಕೆ ಎಂಟು ಕಾಲು ಎಂಬುದು ಪರಿಸರ ಅಧ್ಯಯನದ ಪಾಠ ಓದಿದ ವಿದ್ಯಾರ್ಥಿಗಳಿಗೆಲ್ಲ ಬಾಯಿಪಾಠವಾಗಿರುತ್ತದೆ. ಅದೇ ವಿದ್ಯಾರ್ಥಿಯನ್ನು ಮಳೆಗಾಲ ಮುಗಿಯುವ ಹೊತ್ತಿನಲ್ಲಿ ಶಾಲೆಯ ಬೇಲಿಯ ಬಳಿಗೆ ಕರೆದೊಯ್ದು, ಬಲೆಯ ನಡುವೆ ತಲೆಕೆಳಗಾಗಿ ಕುಳಿತ ಜೇಡವೊಂದನ್ನು ತೋರಿಸಿ ಕಾಲುಗಳನ್ನು ಎಣಿಸಲು ಹೇಳಿದರೆ, ಅನೇಕ ವೇಳೆ ಅವನ ಕಣ್ಣಿಗೆ ಕಾಣುವುದು ನಾಲ್ಕೇ. ಆರ್ಗಿಯೋಪ್ ಕುಲದ ಈ ಜೇಡ ತನ್ನ ಕಾಲುಗಳನ್ನು ಎರಡೆರಡಾಗಿ ಜೋಡಿಸಿ, ಗುಣಾಕಾರ ಚಿಹ್ನೆಯ ಆಕಾರದಲ್ಲಿ ಚಾಚಿಕೊಂಡಿರುತ್ತದೆ. ಬಲೆಯ ನಡುಭಾಗದಲ್ಲಿ ಅಂಕುಡೊಂಕಾದ ಬಿಳಿಯ ಪಟ್ಟಿಗಳನ್ನು ನೇಯುವುದರಿಂದ ಇಂಗ್ಲಿಷಿನಲ್ಲಿ ಇದಕ್ಕೆ ‘ಸಿಗ್ನೇಚರ್ ಸ್ಪೈಡರ್’, ಅಂದರೆ ಸಹಿ ಹಾಕುವ ಜೇಡ, ಎಂಬ ಹೆಸರಿದೆ.

ಈಗ ವಿದ್ಯಾರ್ಥಿಯ ಮುಂದೆ ಎರಡು ದಾರಿಗಳಿವೆ. ಕಂಡದ್ದನ್ನು ಬದಿಗಿಟ್ಟು ಪುಸ್ತಕದ ಎಂಟನ್ನೇ ಬರೆಯುವುದು ಒಂದು. ಕಂಡ ನಾಲ್ಕನ್ನು ಬರೆದು, ಹೀಗೇಕೆಂದು ಕೇಳುವುದು ಇನ್ನೊಂದು. ಮೊದಲ ದಾರಿಗೆ ಅಂಕ ದೊರೆಯುತ್ತದೆ. ಆದರೆ ಮಗು ತನ್ನ ಕಣ್ಣಿನ ಮೇಲಿನ ವಿಶ್ವಾಸವನ್ನು ಕಳೆದುಕೊಳ್ಳುತ್ತದೆ. ಎರಡನೆಯ ದಾರಿಯನ್ನು ತೆರೆಯುವುದೇ ಈ ಪಾಠದ ಉದ್ದೇಶ. ಅದಕ್ಕೆ ಬೇಕಾದ ಸಾಧನ ಶಿಕ್ಷಕರ ಕೈಯಲ್ಲಿರುವ ಮೊಬೈಲ್ ಫೋನ್.

ಚಿತ್ರ ತೆಗೆಯುವ ಕ್ರಮ

ಚಿಕ್ಕ ವಸ್ತುವನ್ನು ಬಹು ಹತ್ತಿರದಿಂದ ಹಿಗ್ಗಿಸಿ ತೆಗೆಯುವ ವಿಧಾನಕ್ಕೆ ಮ್ಯಾಕ್ರೊ ಛಾಯಾಗ್ರಹಣ ಎಂದು ಹೆಸರು. ಫೋನಿಗೆ ಸಿಕ್ಕಿಸುವ ಚಿಕ್ಕ ಮ್ಯಾಕ್ರೊ ಮಸೂರವಿದ್ದರೆ ಉತ್ತಮ. ಇಲ್ಲವಾದರೆ ಗಡಿಯಾರ ದುರಸ್ತಿ ಮಾಡುವವರು ಕಣ್ಣಿಗೆ ಹಿಡಿದುಕೊಳ್ಳುವ ಭೂತಗನ್ನಡಿಯನ್ನು ಕ್ಯಾಮೆರಾದ ಮುಂದೆ ಹಿಡಿದರೂ ಕೆಲಸ ಸಾಗುತ್ತದೆ.

ಇಷ್ಟು ಹತ್ತಿರದಲ್ಲಿ ಸ್ಪಷ್ಟವಾಗಿ ಕಾಣುವ ಪದರ ಬಹಳ ತೆಳ್ಳಗಿರುತ್ತದೆ. ಜೇಡದ ಕಣ್ಣು ಸ್ಪಷ್ಟವಾದರೆ ಹಿಂಗಾಲು ಮಸುಕಾಗುತ್ತದೆ. ಆದ್ದರಿಂದ ಮೊಣಕೈಗಳನ್ನು ಒಡಲಿಗೆ ಒತ್ತಿ ಹಿಡಿದು, ಫೋನನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತ, ಹತ್ತಾರು ಚಿತ್ರಗಳನ್ನು ತೆಗೆದು ಅವುಗಳಲ್ಲಿ ಒಂದೆರಡನ್ನು ಆಯ್ದುಕೊಳ್ಳಬೇಕು. ಮುಂದಿನಿಂದ, ಮೇಲಿನಿಂದ, ಬದಿಯಿಂದ ಎಂದು ಕನಿಷ್ಠ ಮೂರು ದಿಕ್ಕುಗಳ ಚಿತ್ರಗಳಿರಲಿ. ಬೆಳಗಿನ ಎಳೆಬಿಸಿಲು ಅನುಕೂಲಕರ. ನೆರಳಿನ ಬದಿಗೆ ಬಿಳಿಯ ಹಾಳೆಯೊಂದನ್ನು ಹಿಡಿದರೆ ಬೆಳಕು ಹಿಂದಿರುಗಿ ಆ ಭಾಗವೂ ಕಾಣುತ್ತದೆ. ಬಲೆಯ ಎಳೆಗಳು ಕಾಣಬೇಕಾದರೆ ಅದರ ಹಿಂದೆ, ತಾಗದಂತೆ, ಕಪ್ಪು ಸ್ಲೇಟನ್ನು ಹಿಡಿಯಬೇಕು. ಬಲೆ ಎದ್ದು ಕಾಣಲೆಂದು ಹಿಟ್ಟು ಎರಚುವ ರೂಢಿ ಸಲ್ಲದು. ಅದರಿಂದ ಎಳೆಯ ಅಂಟು ಕೆಡುತ್ತದೆ, ಜೇಡದ ಆಹಾರಕ್ಕೆ ಧಕ್ಕೆಯಾಗುತ್ತದೆ.

ತರಗತಿಗೆ ಮರಳಿ ಆ ಚಿತ್ರವನ್ನು ಹಿಗ್ಗಿಸಿ ತೋರಿಸಿದಾಗ ನಾಲ್ಕು ಕಾಲುಗಳು ಒಂದೊಂದಾಗಿ ಬಿಡಿಸಿಕೊಂಡು ಎಂಟಾಗುತ್ತವೆ. ಕೆಲವರು ಹತ್ತು ಎಂದೂ ಎಣಿಸಬಹುದು. ಅದು ತಾತ್ಸಾರ ಮಾಡತಕ್ಕ ಉತ್ತರವಲ್ಲ. ಜೇಡದ ಬಾಯಿಯ ಇಕ್ಕೆಲಗಳಲ್ಲಿ ಕಾಲಿನಂತೆಯೇ ತೋರುವ ಎರಡು ಗಿಡ್ಡ ಅಂಗಗಳಿರುತ್ತವೆ. ಅವು ತಡವಿ ನೋಡಲು ನೆರವಾಗುತ್ತವೆ, ನಡೆಯಲು ಅಲ್ಲ. ಹತ್ತು ಎಂದ ಮಗು ಉಳಿದವರಿಗಿಂತ ಸೂಕ್ಷ್ಮವಾಗಿ ನೋಡಿದೆ ಎಂಬುದನ್ನು ಶಿಕ್ಷಕರು ತರಗತಿಯ ಮುಂದೆ ಹೇಳಬೇಕು.

ಹೆಸರುಗಳಲ್ಲಿ ಅಡಗಿದ ವೀಕ್ಷಣೆ

ಗಡಿನಾಡಿನ ಕನ್ನಡ ಶಾಲೆಗೆ ಈ ಪಾಠದಲ್ಲಿ ಒಂದು ವಿಶೇಷ ಅನುಕೂಲವಿದೆ. ಇಲ್ಲಿನ ಮಕ್ಕಳು ನೆರೆಯ ಭಾಷೆಯನ್ನೂ ಬಲ್ಲವರು. ಕಾಸರಗೋಡಿನ ಮಗು ಮಲಯಾಳದ ‘ಎಟ್ಟುಕಾಲಿ’ಯನ್ನು, ತಾಳವಾಡಿಯ ಮಗು ತಮಿಳಿನ ‘ಎಟ್ಟುಕ್ಕಾಲ್ ಪೂಚ್ಚಿ’ಯನ್ನು ಕೇಳಿರುತ್ತದೆ; ಈ ಹೆಸರುಗಳನ್ನು ಇಟ್ಟವರು ಕಾಲನ್ನು ಎಣಿಸಿದ್ದರು. ಆದೋನಿ, ರಾಯದುರ್ಗಗಳ ಮಗು ಬಲ್ಲ ತೆಲುಗಿನ ‘ಸಾಲೆಪುರುಗು’ ನೇಕಾರ ಹುಳ. ಸೋಲಾಪುರ, ಜತ್ತದ ಮಗು ಕೇಳುವ ಮರಾಠಿಯ ‘ಕೋಳಿ’ ಎಂಬ ಮಾತು ಜೇಡಕ್ಕೂ ಸಲ್ಲುತ್ತದೆ, ಬಲೆ ಬೀಸುವ ಬೆಸ್ತನಿಗೂ ಸಲ್ಲುತ್ತದೆ. ಕನ್ನಡದಲ್ಲಿ ‘ಜೇಡ’ ಎಂದರೆ ನೇಕಾರ ಎಂಬ ಅರ್ಥವೂ ಉಂಟು. ವಚನಕಾರ ಜೇಡರ ದಾಸಿಮಯ್ಯನ ಹೆಸರಿನಲ್ಲಿರುವುದು ಅದೇ ಮಾತು.

ಒಬ್ಬರು ಕಾಲನ್ನು ನೋಡಿದರು, ಒಬ್ಬರು ನೇಯ್ಗೆಯನ್ನು, ಮತ್ತೊಬ್ಬರು ಬೇಟೆಯನ್ನು. ಈ ಹೆಸರುಗಳನ್ನು ಕರಿಹಲಗೆಯ ಮೇಲೆ ಬರೆದು, ಯಾವುದು ಯಾವ ಜೇಡಕ್ಕೆ ಒಪ್ಪುತ್ತದೆ ಎಂದು ಚರ್ಚಿಸಬಹುದು. ‘ಪೂಚ್ಚಿ’, ‘ಪುರುಗು’, ‘ಹುಳ’ ಎಂಬ ಆಡುಮಾತುಗಳ ಬಳಕೆ ತಪ್ಪಲ್ಲ. ಆದರೆ ಕೀಟಕ್ಕೆ ಆರು ಕಾಲು, ಒಡಲಿನಲ್ಲಿ ಮೂರು ಭಾಗ. ಜೇಡಕ್ಕೆ ಎಂಟು ಕಾಲು, ಎರಡು ಭಾಗ. ಹಾಗಾಗಿ ವಿಜ್ಞಾನದ ವರ್ಗೀಕರಣದಲ್ಲಿ ಜೇಡ ಕೀಟವಲ್ಲ ಎಂಬುದನ್ನು ಚಿತ್ರದಿಂದಲೇ ಮಕ್ಕಳು ಕಂಡುಕೊಳ್ಳುವರು.

ಗೋಡೆಯ ಮೇಲಿನ ಬೇಟೆಗಾರ

ಎಲ್ಲ ಜೇಡಗಳೂ ಬಲೆ ಕಟ್ಟಿ ಬೇಟೆಯಾಡುವುದಿಲ್ಲ. ತರಗತಿಯ ಗೋಡೆಯ ಮೇಲೆ ನೊಣವನ್ನು ಹೊಂಚುವ ಜಿಗಿಯುವ ಜೇಡ ಇದಕ್ಕೆ ನಿದರ್ಶನ. ಅದಕ್ಕೆ ಎಂಟು ಕಣ್ಣು. ಮುಂದಿನಿಂದ ತೆಗೆದ ಚಿತ್ರದಲ್ಲಿ ಸಾಲಾಗಿ ಕಾಣುವುದು ನಾಲ್ಕು; ನಡುವಿನ ಎರಡು ಬಲು ದೊಡ್ಡವು. ಉಳಿದ ನಾಲ್ಕಕ್ಕೆ ಮೇಲಿನ ಮತ್ತು ಬದಿಯ ಚಿತ್ರ ಬೇಕು. ಹಾರುವ ಮುನ್ನ ಅದು ನಿಂತ ನೆಲೆಗೆ ನೂಲಿನ ಎಳೆಯೊಂದನ್ನು ಅಂಟಿಸುತ್ತದೆ. ಗುರಿ ತಪ್ಪಿದರೆ ಆ ಎಳೆಯೇ ಆಸರೆ. ಫೋನನ್ನು ಸರಿಸಿದಂತೆ ಅದು ಇಡೀ ಮುಂಭಾಗವನ್ನು ಫೋನಿನತ್ತ ತಿರುಗಿಸುವುದುಂಟು. ಆಗ ಮಗು “ಜೇಡಕ್ಕೆ ಸಿಟ್ಟು ಬಂತು” ಎಂದು ಬರೆಯಬಹುದು. ತಿರುಗಿದ್ದು ಕಂಡದ್ದು, ಸಿಟ್ಟು ಊಹಿಸಿದ್ದು. ಈ ಎರಡನ್ನು ಬೇರ್ಪಡಿಸುವುದೇ ವಿಜ್ಞಾನ ಬರವಣಿಗೆಯ ಮೊದಲ ಪಾಠ.

ಊಹೆ ಮಾಡುವುದು ತಪ್ಪಲ್ಲ. ಸಹಿ ಜೇಡದ ಬಿಳಿಯ ಪಟ್ಟಿಗಳ ಪ್ರಯೋಜನವೇನು ಎಂಬುದರ ಬಗ್ಗೆ ವಿಜ್ಞಾನಿಗಳಲ್ಲಿಯೂ ಒಮ್ಮತವಿಲ್ಲ. ಕೀಟಗಳನ್ನು ಸೆಳೆಯಲು ಎಂದು ಕೆಲವರು, ಹಕ್ಕಿಗಳು ಬಲೆಗೆ ಬಡಿಯದಂತೆ ಎಚ್ಚರಿಸಲು ಎಂದು ಕೆಲವರು ವಾದಿಸಿದ್ದಾರೆ. ಊಹೆಯನ್ನು ಊಹೆಯೆಂದೇ ಬರೆಯಬೇಕು, ಅಷ್ಟೆ. ಅಮೆರಿಕದ ಮಿಲ್ವಾಕೀ ನಗರದ ಪ್ರೌಢಶಾಲೆಯಲ್ಲಿ ಜೀವವಿಜ್ಞಾನ ಕಲಿಸುತ್ತಿದ್ದ ಜಾರ್ಜ್ ಪೆಕ್‌ಹ್ಯಾಮ್ ಮತ್ತು ಅವರ ಪತ್ನಿ ಎಲಿಜಬೆತ್, ಗಂಡು ಜಿಗಿಯುವ ಜೇಡಗಳು ಹೆಣ್ಣಿನ ಮುಂದೆ ಕುಣಿಯುವ ಬಗೆಯನ್ನು ತಾಳ್ಮೆಯಿಂದ ನೋಡಿ, 1889ರಲ್ಲಿ ಪ್ರಕಟಿಸಿದರು. ಶಾಲಾ ಶಿಕ್ಷಕರ ವೀಕ್ಷಣೆಯೂ ವಿಜ್ಞಾನಕ್ಕೆ ಸಲ್ಲುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ವೀಕ್ಷಣಾ ಪುಸ್ತಕ ಮತ್ತು ಮೌಲ್ಯಮಾಪನ

ಒಂದೇ ಜೇಡವನ್ನು ಒಂದು ವಾರ, ಪ್ರತಿದಿನ ಹತ್ತು ನಿಮಿಷ ನೋಡುವುದು ಚಟುವಟಿಕೆ. ಪ್ರತಿ ಪುಟದಲ್ಲಿ ದಿನಾಂಕ, ವೇಳೆ, ಸ್ಥಳದ ಕೆಳಗೆ ನಾಲ್ಕು ಅಂಕಣಗಳಿರಲಿ:

1. ಬರಿಗಣ್ಣಿಗೆ ಕಂಡದ್ದು
2. ಚಿತ್ರದಲ್ಲಿ ಹೊಸದಾಗಿ ಕಂಡದ್ದು
3. ನನ್ನ ಊಹೆ
4. ನಾಳೆ ನೋಡಬೇಕಾದದ್ದು

ಮೊದಲ ಅಂಕಣವನ್ನು ಚಿತ್ರ ತೋರಿಸುವ ಮೊದಲೇ ತುಂಬಿಸಬೇಕು, ಆಮೇಲೆ ಅಳಿಸಬಾರದು. “ಕಾಲು ನಾಲ್ಕು” ಎಂಬುದು ಮೊದಲ ಅಂಕಣದಲ್ಲಿಯೂ “ಎರಡೆರಡು ಕೂಡಿಕೊಂಡಿವೆ, ಒಟ್ಟು ಎಂಟು” ಎಂಬುದು ಎರಡನೆಯದರಲ್ಲಿಯೂ ಇದ್ದರೆ ಎರಡಕ್ಕೂ ಪೂರ್ಣ ಅಂಕ. ಮನೆಮಾತಿನ ಪದ ಬಂದರೆ ಕೆಂಪು ಗೆರೆ ಎಳೆಯದೆ, ಪಕ್ಕದಲ್ಲಿ ಗ್ರಂಥಭಾಷೆಯ ಪದವನ್ನು ಬರೆಯಿಸಬೇಕು.

ಎಚ್ಚರಿಕೆಯ ಮಾತು ಎರಡು. ಜೇಡವನ್ನು ಯಾರೂ ಮುಟ್ಟಬಾರದು, ಬಿರುಕು ಪೊಟರೆಗಳಲ್ಲಿ ಕೈಯಿಡಬಾರದು. ಚಿತ್ರಕ್ಕಾಗಿ ಬಲೆಯನ್ನು ಹರಿಯುವುದು, ಜೇಡವನ್ನು ಡಬ್ಬಿಯಲ್ಲಿಡುವುದು ಕೂಡದು.

ಗಡಿನಾಡಿನ ತರಗತಿಯಲ್ಲಿ ಕನ್ನಡವು ಪದ್ಯಕ್ಕೆ, ವ್ಯಾಕರಣಕ್ಕೆ ಮಾತ್ರ ಸೀಮಿತವಾದರೆ, ಬದುಕಿನ ಉಳಿದ ವಿಷಯಗಳಿಗೆ ಬೇರೆ ಭಾಷೆ ಬೇಕೆಂದು ಮಗು ತಾನೇ ತೀರ್ಮಾನಿಸಿಕೊಳ್ಳುತ್ತದೆ. ತಾನು ಕಂಡದ್ದನ್ನು, ಬೇರಾರೂ ಬರೆದುಕೊಡದ ವಾಕ್ಯದಲ್ಲಿ, ಕನ್ನಡದಲ್ಲಿಯೇ ಬರೆದ ಮಗು ಹಾಗೆ ತೀರ್ಮಾನಿಸುವ ಸಂಭವ ಕಡಿಮೆ. ಅಂಥ ಒಂದು ಪುಟಕ್ಕೆ ಬೇಲಿಯ ಮೇಲಿನ ಒಂದು ಜೇಡ ಸಾಕು.