ಮಿಗ್-21ಕ್ಕೆ ಮಸಿ ಬಳಿಯುವ ಕಲೆ

ನಮ್ಮ ಮಾತಿನಲ್ಲಿ ಯಾರಿಗಾದರೂ ಮಸಿ ಬಳಿಯುವುದೆಂದರೆ ಮರ್ಯಾದೆ ಕಳೆಯುವುದು. ಪ್ಲಾಸ್ಟಿಕ್ ವಿಮಾನಗಳ ಮಾಡೆಲ್ ಕಟ್ಟುವವರ ಲೋಕದಲ್ಲಿ ಅದು ಮರ್ಯಾದೆ ಕೊಡುವ ಕೆಲಸ! ಅಲ್ಲಿ ಇದಕ್ಕೆ ‘ವೆದರಿಂಗ್’ ಎಂದು ಹೆಸರು. ಬಿಸಿಲು, ಮಳೆ, ಹೊಗೆ, ಎಣ್ಣೆ, ಮೆಕ್ಯಾನಿಕ್ಕನ ಬೂಟು ಎಲ್ಲ ಸೇರಿ ನಿಜವಾದ ವಿಮಾನದ ಮೈಮೇಲೆ ಬರೆದದ್ದನ್ನು ಚಿಕ್ಕ ಅಳತೆಯಲ್ಲಿ ಇನ್ನೊಮ್ಮೆ ಬರೆಯುವುದು. ಕಥೆ-ಕವಿತೆಗಳ ಪತ್ರದಲ್ಲಿ ಇದೇನಪ್ಪಾ ಎಂದು ಹುಬ್ಬೇರಿಸಬೇಡಿ, ಇದರಲ್ಲೂ ಅರ್ಧ ಕೆಲಸ ಓದುವುದೇ.

ಉದಾಹರಣೆಗೆ ನಮಗೆಲ್ಲ ಪರಿಚಿತವಾದ ಮಿಗ್-21 ತೆಗೆದುಕೊಳ್ಳೋಣ. ಸೋವಿಯತ್ ದೇಶದ ಈ ಯುದ್ಧವಿಮಾನ ಭಾರತೀಯ ವಾಯುಪಡೆಗೆ ಸೇರಿದ್ದು 1963ರಲ್ಲಿ. ಚಂಡೀಗಢದಲ್ಲಿ ಅದಕ್ಕೆ ವಿದಾಯ ಹೇಳಿದ್ದು 2025ರ ಸೆಪ್ಟೆಂಬರ್ 26ರಂದು. ನಮ್ಮ ಎಚ್‌ಎಎಲ್ ಇದನ್ನು ನಾಸಿಕದಲ್ಲಿ ಕಟ್ಟಿತು, ಇಂಜಿನ್‌ಗಳು ಒರಿಸ್ಸಾದ ಕೋರಾಪುಟ್‌ನಿಂದ ಬಂದವು. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಸುಮಾರು 7.15 ಮೀಟರ್. 1:72ರ ಮಾಡೆಲ್‌ನಲ್ಲಿ ಅದು ಹತ್ತು ಸೆಂಟಿಮೀಟರಿಗಿಂತ ಒಂಚೂರು ಕಡಿಮೆ, 1:48ರಲ್ಲಿ ಹದಿನೈದರ ಹತ್ತಿರ. ಈ ಲೆಕ್ಕ ನೆನಪಿಡಿ, ಮುಂದೆ ಬೇಕಾಗುತ್ತದೆ.

ಕಟ್ಟುವ ಕೆಲಸ ಕಾಕ್‌ಪಿಟ್‌ನಿಂದ ಶುರು, ಏಕೆಂದರೆ ಮೈಯ ಎರಡು ಹೋಳುಗಳನ್ನು ಅಂಟಿಸಿದ ಮೇಲೆ ಒಳಗೆ ಕುಂಚ ಹೋಗುವುದಿಲ್ಲ. ಅದಕ್ಕೆ ಸೋವಿಯತ್ ವಿಮಾನಗಳ ಗುರುತಾದ ಹಸಿರುಮಿಶ್ರಿತ ನೀಲಿ ಬಣ್ಣ. ಅಂಟಿಸುವ ಮೊದಲು ಮೂತಿಯೊಳಗೆ ಒಂದಿಷ್ಟು ತೂಕ ಇಡಬೇಕು, ಮೀನುಗಾರರ ಸೀಸದ ಗುಂಡುಗಳಾದರೂ ಆದೀತು. ಈ ವಿಮಾನ ನಿಲ್ಲುವುದು ಮೂರು ಚಕ್ರಗಳ ಮೇಲೆ. ಹಿಂದಿನ ಚಕ್ರಗಳಿಗಿಂತ ಮುಂದೆ ಭಾರ ಸಾಲದಿದ್ದರೆ ಮಾಡೆಲ್ ಬಾಲದ ಮೇಲೆ ಕುಕ್ಕರಿಸಿಬಿಡುತ್ತದೆ. ಅಂಟು ಒಣಗಿದ ಮೇಲೆ ಜೋಡಣೆಯ ಗೆರೆಗಳನ್ನು ಉಜ್ಜಿ, ಬೂದು ಪ್ರೈಮರ್ ಹೊಡೆಯಬೇಕು. ಪ್ರೈಮರ್ ಎಂದರೆ ನಮ್ಮ ಕಂಪೈಲರ್ ಇದ್ದ ಹಾಗೆ. ಕಣ್ಣಿಗೆ ಬೀಳದ ಬಿರುಕುಗಳನ್ನೆಲ್ಲ ದಯೆ ದಾಕ್ಷಿಣ್ಯವಿಲ್ಲದೆ ತೋರಿಸುತ್ತದೆ.

ಇನ್ನು ಬಣ್ಣ. ಇಲ್ಲಿ ಕ್ರಮವೇ ಮುಖ್ಯ. ಮೊದಲು ಅಕ್ರಿಲಿಕ್ ಬಣ್ಣ, ಅದರ ಮೇಲೆ ಹೊಳೆಯುವ ವಾರ್ನಿಶ್, ಆಮೇಲೆ ನೀರಿನಲ್ಲಿ ನೆನೆಸಿ ಜಾರಿಸುವ ಡೆಕಾಲ್‌ಗಳು, ಮತ್ತೊಂದು ಕೋಟ್ ವಾರ್ನಿಶ್, ನಂತರ ‘ವಾಶ್’. ಕಂದು ಬಣ್ಣದ ಆಯಿಲ್ ಪೇಂಟನ್ನು ವೈಟ್ ಸ್ಪಿರಿಟ್‌ನಲ್ಲಿ ಸಾರಿನಷ್ಟು ತೆಳುವಾಗಿ ಕದಡಿ, ಕುಂಚದ ತುದಿಯಿಂದ ತಗಡಿನ ಸಂದಿನ ಗೆರೆಗೆ ಮುಟ್ಟಿಸಿದರೆ ಸಾಕು, ದ್ರವ ತಾನಾಗಿಯೇ ಗೆರೆಯುದ್ದಕ್ಕೂ ಓಡುತ್ತದೆ. ದೀಪದ ಬತ್ತಿ ಎಣ್ಣೆ ಹೀರುತ್ತದಲ್ಲ, ಅದೇ ಕೇಶಾಕರ್ಷಣ. ನಯವಾದ ವಾರ್ನಿಶ್ ಇಲ್ಲದಿದ್ದರೆ ದ್ರವ ಗೆರೆ ಬಿಟ್ಟು ಸುತ್ತಲೂ ಹರಡಿ ಕಲೆ ಕಟ್ಟುತ್ತದೆ. ಅರ್ಧ ಗಂಟೆಯ ನಂತರ ಬಟ್ಟೆಯಿಂದ ಮೂತಿಯಿಂದ ಬಾಲದ ಕಡೆಗೆ ಒರೆಸಬೇಕು. ಉಳಿದದ್ದು ಗಾಳಿ ಒರೆಸಿದ ಹಾಗೆ ಕಾಣುತ್ತದೆ. ಕೊನೆಗೆ ಹೊಳಪು ಕುಗ್ಗಿಸುವ ಮ್ಯಾಟ್ ವಾರ್ನಿಶ್.

ಕೊಳೆ ಎಲ್ಲಿರಬೇಕು ಎನ್ನುವುದಕ್ಕೆ ಕಾರಣ ಬೇಕು. ಹಾರುವಾಗ ಸೋರಿದ ಎಣ್ಣೆ ಹಿಂದಕ್ಕೆ ಎಳೆಯುತ್ತದೆ, ನಿಂತಾಗ ಸೋರಿದ್ದು ಕೆಳಕ್ಕೆ ಇಳಿಯುತ್ತದೆ. ಬಾಲದ ಕೊಳವೆಯ ಲೋಹ ಕಾದು ಕಂದು-ನೀಲಿಯಾಗುತ್ತದೆ. ರೆಕ್ಕೆಯ ಬುಡದಲ್ಲಿ ಬೂಟಿನ ಸವೆತ. ಅಲ್ಲಲ್ಲಿ ಕಿತ್ತಳೆ ಬಣ್ಣದ ತುಕ್ಕು ಹಚ್ಚುವವರಿದ್ದಾರೆ. ವಿಮಾನದ ಮೈ ಅಲ್ಯೂಮಿನಿಯಂ, ಅದು ಹಾಗೆ ತುಕ್ಕು ಹಿಡಿಯುವುದಿಲ್ಲ. ಈಗ ಆ ಲೆಕ್ಕ ನೆನಪಿಸಿಕೊಳ್ಳಿ: 1:72ರಲ್ಲಿ ಒಂದೇ ಮಿಲಿಮೀಟರಿನ ಗೀರು ನಿಜವಾದ ವಿಮಾನದಲ್ಲಿ ಏಳು ಸೆಂಟಿಮೀಟರಿನ ಗಾಯ! ಕಡಿಮೆ ಮಾಡಿದಷ್ಟೂ ನಿಜಕ್ಕೆ ಹತ್ತಿರ.

ಮುಂದಿನ ಪ್ರಶ್ನೆ, ಯಾವ ವರ್ಷದ ವಿಮಾನ? ಮಿಗ್-21 ಎಫ್‌ಎಲ್‌ಗಳು ಮೊದಲು ಬಣ್ಣವಿಲ್ಲದೆ ಬರಿಯ ಲೋಹದ ಮೈಯಲ್ಲೇ ಹಾರುತ್ತಿದ್ದವು. 1971ರ ಯುದ್ಧದ ಹೊತ್ತಿಗೆ ಹಲವಕ್ಕೆ ತರಾತುರಿಯಲ್ಲಿ ಮರೆಮಾಚುವ ಬಣ್ಣ ಬಳಿದರು. ಅಂಥ ವಿಮಾನದಲ್ಲಿ ಬಣ್ಣ ಸವೆದ ಅಂಚಿನಲ್ಲಿ ಬೆಳ್ಳಿಯ ಹೊಳಪು ಇಣುಕುವುದು ಸಹಜ. ಎಫ್‌ಎಲ್‌ನ ಮೈಯೊಳಗೆ ಫಿರಂಗಿ ಇರಲಿಲ್ಲ, ಹೊಟ್ಟೆಯಡಿಗೆ ಗನ್ ಪಾಡ್ ತೂಗುಹಾಕುತ್ತಿದ್ದರು; ಅದಿಲ್ಲದ ಮಾಡೆಲ್‌ಗೆ ಗುಂಡಿನ ಹೊಗೆ ಬಳಿದರೆ ಅದು ಕಟ್ಟುಕಥೆ. 1971ರ ಡಿಸೆಂಬರ್ 14ರಂದು ಢಾಕಾದ ಗವರ್ನರ್ ಭವನದ ಮೇಲೆ ರಾಕೆಟ್ ದಾಳಿ ಮಾಡಿದ ಮಿಗ್‌ಗೂ, ದಶಕಗಳ ನಂತರ ಬೂದುಬಣ್ಣದಲ್ಲಿ ಹಾರಿದ ಬೈಸನ್‌ಗೂ ಒಂದೇ ಕೊಳೆ ಹೊಂದುವುದಿಲ್ಲ. ಅದಕ್ಕೇ ಕುಂಚ ಹಿಡಿಯುವ ಮೊದಲು ತಾರೀಖು ಗೊತ್ತಿರುವ ಫೋಟೋಗಳನ್ನು ಕೂತು ನೋಡಬೇಕು.

ಮಿಗ್-21ರ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ಭಾರತದಲ್ಲಿ ಈ ವಿಮಾನದ ಅಪಘಾತಗಳಲ್ಲಿ ನೂರಕ್ಕೂ ಹೆಚ್ಚು ಪೈಲಟ್‌ಗಳು ಪ್ರಾಣ ಕಳೆದುಕೊಂಡರು. ಪತ್ರಿಕೆಗಳು ಇದನ್ನು ‘ಹಾರುವ ಶವಪೆಟ್ಟಿಗೆ’ ಎಂದು ಕರೆದವು. ಅದೇ ಕಾರಣಕ್ಕೆ ಕೆಲವರು ತಮ್ಮ ಮಾಡೆಲನ್ನು ಗುಜರಿ ಅಂಗಡಿಯಿಂದ ತಂದ ಹಾಗೆ ಮಾಡಿಬಿಡುತ್ತಾರೆ. ಅದು ನನಗೆ ಒಪ್ಪಿಗೆಯಿಲ್ಲ. ವಿಮಾನಗಳು ಬಿದ್ದದ್ದು ಬಣ್ಣ ಮಾಸಿದ್ದರಿಂದಲ್ಲ. ಇಂಜಿನ್ನಿನ ತೊಂದರೆ, ಇಳಿಯುವಾಗಿನ ವಿಪರೀತ ವೇಗ, ಬದಲಿ ವಿಮಾನ ಬರುವುದು ವರ್ಷಗಟ್ಟಲೆ ತಡವಾದದ್ದು, ಇವೆಲ್ಲ ಮೈಮೇಲೆ ಕಾಣಿಸುವ ಕಲೆಗಳಲ್ಲ. ಪ್ಲಾಸ್ಟಿಕ್ಕಿನಲ್ಲಿ ಅದನ್ನು ತೋರಿಸಲು ಬರುವುದೂ ಇಲ್ಲ. ನೆಲದ ಮೇಲೆ ದುಡಿದವರು ಆ ವಿಮಾನವನ್ನು ಒರೆಸಿ, ತಿದ್ದಿ, ಮತ್ತೆ ಬಣ್ಣ ಹಚ್ಚಿ ಕಳಿಸುತ್ತಿದ್ದರು. ರೆಕ್ಕೆಯ ಬುಡದ ಸವೆತ, ಇಂಧನ ತುಂಬುವ ಮುಚ್ಚಳದ ಸುತ್ತಲಿನ ಜಿಡ್ಡು ಅವರ ಕೈಯ ಗುರುತು. ಅದಷ್ಟನ್ನು ಸರಿಯಾದ ಜಾಗದಲ್ಲಿ ಹಿತಮಿತವಾಗಿ ತೋರಿಸಿದರೆ ಆ ಜನಕ್ಕೆ ನ್ಯಾಯ ಸಲ್ಲುತ್ತದೆ.

ನಿಮ್ಮ ಸ್ನೇಹಿತರ ಮನೆಯ ಕಪಾಟಿನಲ್ಲಿ ಇಂಥ ಮಾಡೆಲ್ ಕಂಡರೆ ದೂರದಿಂದಲೇ ‘ಚೆನ್ನಾಗಿದೆ’ ಎಂದು ಸುಮ್ಮನಾಗಬೇಡಿ. ಅನುಮತಿ ಕೇಳಿ, ಮೆಲ್ಲಗೆ ಎತ್ತಿ, ಹೊಟ್ಟೆಯ ಕಡೆ ನೋಡಿ. ಯಾರೂ ನೋಡದ ಆ ಜಾಗದಲ್ಲೂ ಎಣ್ಣೆಯ ಗೆರೆ ಸರಿಯಾಗಿ ಹಿಂದಕ್ಕೇ ಹರಿದಿದ್ದರೆ, ಕಟ್ಟಿದವರು ಆ ವಿಮಾನವನ್ನು ನಿಜವಾಗಿಯೂ ಓದಿಕೊಂಡಿದ್ದಾರೆ ಎಂದು ತಿಳಿಯಿರಿ.