ಗಾಯದ ನಂಜು: ಆಸ್ಪತ್ರೆಯ ಲೆಕ್ಕ, ಮನೆಯ ಲೆಕ್ಕ

'ಆಪರೇಷನ್ ಚೆನ್ನಾಗಿಯೇ ಆಯಿತು, ಆಮೇಲೆ ಗಾಯಕ್ಕೆ ನಂಜು ಹತ್ತಿತು' ಎಂಬ ಮಾತನ್ನು ಆಡದ ಅಥವಾ ಕೇಳದ ಮನೆತನ ನಮ್ಮ ಮೈಸೂರು ಸೀಮೆಯಲ್ಲಿ ವಿರಳವೆಂದೇ ಹೇಳಬೇಕು. ನಂಜನಗೂಡಿನ ನೆರೆಯಲ್ಲಿ ಬಾಳುವ ನಮಗೆ 'ನಂಜು' ಎಂಬ ಪದ ಹೊಸದಲ್ಲ. ಹಾಲಾಹಲವೂ ನಂಜು, ಮೈಗೆ ಒಗ್ಗದ ಆಹಾರವೂ ನಂಜು, ಗಾಯದಲ್ಲಿ ಕೀವು ತುಂಬಿದರೆ ಅದೂ ನಂಜು. ವೈದ್ಯರು ಈ ಕೊನೆಯದನ್ನು 'ಶಸ್ತ್ರಚಿಕಿತ್ಸಾ ಗಾಯದ ಸೋಂಕು' ಎನ್ನುತ್ತಾರೆ. ಕೊಯ್ದ ಜಾಗದಲ್ಲಿ ಸೂಕ್ಷ್ಮಾಣುಗಳು ನೆಲೆಸಿ, 30 ದಿನಗಳೊಳಗೆ ಕಾಣಿಸಿಕೊಳ್ಳುವ ಸೋಂಕು ಇದು. ಕೀಲು, ತಗಡು, ಜಾಲರಿ ಮುಂತಾದ ವಸ್ತುಗಳನ್ನು ದೇಹದೊಳಗೆ ಇರಿಸಿದ್ದಲ್ಲಿ ಈ ಅವಧಿಯನ್ನು 90 ದಿನಗಳವರೆಗೆ ಎಣಿಸುತ್ತಾರೆ.

ಸೋಂಕು ಚರ್ಮದಲ್ಲಿಯೇ ನಿಂತರೆ ಹೊಲಿಗೆ ಬಿಚ್ಚಿ, ಕೀವು ತೆಗೆದು, ಕೆಲವು ದಿನ ಪಟ್ಟಿ ಕಟ್ಟಿದರೆ ಮುಗಿಯಿತು. ಮಾಂಸಖಂಡಕ್ಕೆ ಇಳಿದರೆ ಮತ್ತೆ ಆಸ್ಪತ್ರೆಯ ಹಾಸಿಗೆ. ಹೊಟ್ಟೆಯ ಒಳಗೋ ಕೀಲಿನ ಒಳಗೋ ಸೇರಿದರೆ ಎರಡನೆಯ ಶಸ್ತ್ರಕ್ರಿಯೆ. ಒಮ್ಮೊಮ್ಮೆ ಜೀವಕ್ಕೇ ಅಪಾಯ. ದುಡಿಯುವವನು ಹಾಸಿಗೆ ಹಿಡಿದ ಮನೆಯಲ್ಲಿ ಇದರ ಅರ್ಥವೇನೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ದೊಡ್ಡ ವಿಪತ್ತನ್ನು ಅಳೆಯುವ ಕ್ರಮ ಮೇಲ್ನೋಟಕ್ಕೆ ಬಹಳ ಸರಳ. ನಡೆದ ಶಸ್ತ್ರಕ್ರಿಯೆಗಳೆಷ್ಟು, ಅವುಗಳಲ್ಲಿ ನಂಜಾದವುಗಳೆಷ್ಟು ಎಂದು ಎಣಿಸಿ, ನೂರಕ್ಕೆ ಎಷ್ಟೆಂದು ಹೇಳುವುದು. ಆದರೆ ನಂಜಾದದ್ದನ್ನು ಕಂಡವರಾರು? ಮೈಸೂರಿನ ಕೆ.ಆರ್. ಆಸ್ಪತ್ರೆಗೆ, ಚೆಲುವಾಂಬ ಆಸ್ಪತ್ರೆಗೆ, ಜೆ.ಎಸ್.ಎಸ್. ಆಸ್ಪತ್ರೆಗೆ ಬರುವ ರೋಗಿಗಳು ನಗರದವರಷ್ಟೇ ಅಲ್ಲ. ಹುಣಸೂರು, ಗುಂಡ್ಲುಪೇಟೆ, ಕೊಳ್ಳೇಗಾಲ, ಚಾಮರಾಜನಗರ, ಕೊಡಗು, ಎಲ್ಲ ಕಡೆಯಿಂದಲೂ ಬರುತ್ತಾರೆ. ಕೆಲವೇ ದಿನಗಳಲ್ಲಿ ಬಿಡುಗಡೆ ಹೊಂದಿ ಊರಿಗೆ ಮರಳುತ್ತಾರೆ. ನಂಜಾದರೋ ಬಹುಮಟ್ಟಿಗೆ ಐದನೆಯ ದಿನದಿಂದ ಹತ್ತನೆಯ ದಿನದ ನಡುವೆ ಮುಖ ತೋರಿಸುತ್ತದೆ, ಕೆಲವರಲ್ಲಿ ಇನ್ನೂ ತಡವಾಗಿ. ಅಷ್ಟರಲ್ಲಿ ರೋಗಿ ತನ್ನ ಮನೆಯ ಜಗಲಿಯ ಮೇಲಿರುತ್ತಾನೆ. ಅವನನ್ನು ನೋಡುವವರು ಮನೆಯವರು. ಹೆಚ್ಚೆಂದರೆ ಊರಿನ ವೈದ್ಯರು.

ನಮ್ಮ ಪರಿಚಯದ ಮನೆಯೊಂದರ ಹಿರಿಯ ತಾಯಿಯವರಿಗೆ ಕೆಲವು ವರ್ಷಗಳ ಹಿಂದೆ ನಗರದ ಒಂದು ಆಸ್ಪತ್ರೆಯಲ್ಲಿ ಹರ್ನಿಯಾ ಶಸ್ತ್ರಕ್ರಿಯೆಯಾಗಿ ಜಾಲರಿ ಇರಿಸಿದ್ದರು. ಐದನೆಯ ವಾರದಲ್ಲಿ ಆ ಜಾಗ ಊದಿ ಬಿಸಿಯಾಯಿತು. 'ಅಷ್ಟು ದೊಡ್ಡ ಡಾಕ್ಟರು ಮಾಡಿದ್ದಾರೆ, ಹೋಗಿ ಹೇಳಿದರೆ ದೂರು ಕೊಟ್ಟಂತಾದೀತು' ಎಂಬ ಸಂಕೋಚದಿಂದ ಮಕ್ಕಳು ಊರಿನಲ್ಲಿಯೇ ಮಾತ್ರೆ ಕೊಡಿಸಿದರು, ಪಟ್ಟಿ ಕಟ್ಟಿಸಿದರು. ತಿಂಗಳು ಕಳೆದ ಮೇಲೆ ಬೇರೊಂದು ಆಸ್ಪತ್ರೆಯಲ್ಲಿ ಜಾಲರಿಯನ್ನೇ ತೆಗೆಯಬೇಕಾಯಿತು. ಮೊದಲ ಆಸ್ಪತ್ರೆಯ ದಾಖಲೆಯಲ್ಲಿ ಆ ತಾಯಿ ಗುಣಮುಖರಾಗಿಯೇ ಮನೆಗೆ ಹೋದವರು. ಅಲ್ಲಿನ ವೈದ್ಯರಿಗೆ ನಡೆದದ್ದು ಗೊತ್ತೇ ಆಗಲಿಲ್ಲ. ಗೊತ್ತಾಗದ ದೋಷವನ್ನು ಅವರು ತಿದ್ದಿಕೊಳ್ಳುವುದೆಂತು?

ಇದು ಒಂದು ಮನೆಯ ಕಥೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವೊಂದು 2025ರಲ್ಲಿ ವರದಿಯಾಯಿತು. ನಮ್ಮ ನಾಡಿನ ಮಣಿಪಾಲದ ಕಸ್ತೂರಬಾ ಆಸ್ಪತ್ರೆ, ದೆಹಲಿಯ ಏಮ್ಸ್ ಸಂಸ್ಥೆಯ ಅಪಘಾತ ಚಿಕಿತ್ಸಾ ಕೇಂದ್ರ, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ, ಈ ಮೂರರಲ್ಲಿ ಶಸ್ತ್ರಕ್ರಿಯೆಯಾದವರನ್ನು ಆರು ತಿಂಗಳವರೆಗೆ ಬೆನ್ನುಹತ್ತಿ ವಿಚಾರಿಸಿದರು. 3,090 ಶಸ್ತ್ರಕ್ರಿಯೆಗಳಲ್ಲಿ 161 ಮಂದಿಗೆ ನಂಜಾಗಿತ್ತು. ಅಂದರೆ ನೂರಕ್ಕೆ 5.2. ಎರಡು ಗಂಟೆಗಿಂತ ಹೆಚ್ಚು ಕಾಲ ನಡೆದ ಶಸ್ತ್ರಕ್ರಿಯೆಗಳಲ್ಲಿ ಅಪಾಯ ಅಧಿಕ. ಇವೆಲ್ಲಕ್ಕಿಂತ ನಮ್ಮ ಮನಸ್ಸನ್ನು ತಟ್ಟಿದ ಸಂಗತಿ ಇನ್ನೊಂದು: ಈ ನಂಜುಗಳಲ್ಲಿ ಸುಮಾರು ಮೂರನೆಯ ಎರಡು ಭಾಗ ಬೆಳಕಿಗೆ ಬಂದದ್ದು ರೋಗಿಗಳು ಮನೆಗೆ ಹೋದ ಮೇಲೆ ವಿಚಾರಿಸಿದಾಗ. ಬಾಗಿಲಿನಿಂದಾಚೆಗೆ ಹೋದವರನ್ನು ವಿಚಾರಿಸದೆ ಬಿಟ್ಟಿದ್ದರೆ ಆ ಮೂರು ಹೆಸರಾಂತ ಆಸ್ಪತ್ರೆಗಳ ಪುಸ್ತಕದಲ್ಲಿಯೂ ಮೂರನೆಯ ಒಂದು ಭಾಗ ಮಾತ್ರ ಉಳಿಯುತ್ತಿತ್ತು.

ಎಣಿಸಿದ ಮಾತ್ರಕ್ಕೆ ನಂಜು ಹೋಗುತ್ತದೆಯೇ ಎಂದು ಕೇಳುವವರುಂಟು. ಬರಿಯ ಎಣಿಕೆಯಿಂದ ಹೋಗದು, ದಿಟ. ಆದರೆ ಎಣಿಕೆಯಿಲ್ಲದೆ ಹೋದ ಉದಾಹರಣೆಯನ್ನು ವೈದ್ಯಕೀಯದ ಇತಿಹಾಸದಲ್ಲಿ ನಾವು ಕಾಣೆವು. ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಎರಡು ವಿಭಾಗಗಳಿದ್ದವು. ಸೂಲಗಿತ್ತಿಯರು ನೋಡಿಕೊಳ್ಳುತ್ತಿದ್ದ ವಿಭಾಗಕ್ಕಿಂತ ವೈದ್ಯ ವಿದ್ಯಾರ್ಥಿಗಳು ನೋಡಿಕೊಳ್ಳುತ್ತಿದ್ದ ವಿಭಾಗದಲ್ಲಿ ಬಾಣಂತಿಯರು ಬಹಳ ಹೆಚ್ಚಾಗಿ ಸಾಯುತ್ತಿದ್ದರು. ಇಗ್ನಾಸ್ ಸೆಮ್ಮೆಲ್‌ವೈಸ್ ಎಂಬ ವೈದ್ಯ ಈ ಸಾವುಗಳನ್ನು ತಿಂಗಳು ತಿಂಗಳೂ ಲೆಕ್ಕವಿಟ್ಟ. ವಿದ್ಯಾರ್ಥಿಗಳು ಶವಪರೀಕ್ಷೆ ಮಾಡಿದ ಕೈಯಿಂದಲೇ ಹೆರಿಗೆಗೆ ಬರುತ್ತಿದ್ದರೆಂಬುದನ್ನು ಗಮನಿಸಿ, 1847ರಲ್ಲಿ ಕ್ಲೋರಿನ್ ದ್ರಾವಣದಿಂದ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದ. ಏಪ್ರಿಲ್ ತಿಂಗಳಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ವೇಳೆಗೆ ಸುಮಾರು 2ಕ್ಕೆ ಇಳಿಯಿತು. ಸೂಕ್ಷ್ಮಾಣುವೇ ರೋಗಕ್ಕೆ ಮೂಲವೆಂಬ ಸಿದ್ಧಾಂತ ಇನ್ನೂ ನೆಲೆಗೊಂಡಿರದ ಕಾಲವದು. ಅವನ ಬಳಿ ಇದ್ದದ್ದು ಲೆಕ್ಕದ ಪುಸ್ತಕ ಮಾತ್ರ. ಅವನ ಮಾತನ್ನು ಅಂದಿನ ಹಿರಿಯ ವೈದ್ಯರು ಅನೇಕರು ಒಪ್ಪಲಿಲ್ಲ. ತಮ್ಮ ಕೈ ಅಶುದ್ಧವೆಂದು ಹೇಳಿಸಿಕೊಳ್ಳುವುದು ಪಂಡಿತರಿಗೆ ಎಂದೂ ಹಿತವಲ್ಲ.

ನಮ್ಮ ಕಾಲಕ್ಕೆ ಹತ್ತಿರದ ನಿದರ್ಶನ ಕೆನಡಾ ದೇಶದ ಕ್ಯಾಲ್ಗರಿ ನಗರದ್ದು. ಅಲ್ಲಿ ಪೀಟರ್ ಕ್ರೂಸ್ ಎಂಬ ಶಸ್ತ್ರವೈದ್ಯರೂ ಫೂರ್ಡ್ ಎಂಬ ನರ್ಸಮ್ಮನವರೂ ಹತ್ತು ವರ್ಷ ಕಾಲ 62,939 ಗಾಯಗಳನ್ನು ಒಂದೊಂದಾಗಿ ಗಮನಿಸಿ 1980ರಲ್ಲಿ ವರದಿ ಮಾಡಿದರು. ಪ್ರತಿಯೊಬ್ಬ ಶಸ್ತ್ರವೈದ್ಯನಿಗೂ ಅವನ ನಂಜಿನ ಪ್ರಮಾಣವನ್ನು ತಿಳಿಸುತ್ತ ಬಂದರು, ಪ್ರಮಾಣ ಇಳಿಯಿತು. ಅಮೆರಿಕದಲ್ಲಿ ನಡೆದು 1985ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೂ ಇದನ್ನೇ ಸಮರ್ಥಿಸಿತು: ಕ್ರಮವಾದ ಎಣಿಕೆ, ನುರಿತ ಸಿಬ್ಬಂದಿ, ವೈದ್ಯರಿಗೆ ಅವರವರ ಪ್ರಮಾಣದ ವರದಿ ಇದ್ದ ಆಸ್ಪತ್ರೆಗಳಲ್ಲಿ ಆಸ್ಪತ್ರೆಯಿಂದ ಅಂಟುವ ಸೋಂಕುಗಳು ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆಯಾಗಿದ್ದವು.

ಇಲ್ಲಿ ಓದುಗ ಬಂಧುಗಳು ಒಂದು ಸೂಕ್ಷ್ಮವನ್ನು ಗ್ರಹಿಸಬೇಕು. ಪ್ರಾಮಾಣಿಕವಾಗಿ ಎಣಿಸುವ ಆಸ್ಪತ್ರೆಯ ಅಂಕಿ ಎಣಿಸದ ಆಸ್ಪತ್ರೆಯ ಅಂಕಿಗಿಂತ ಕೆಟ್ಟದಾಗಿಯೇ ಕಾಣುತ್ತದೆ. 'ನಮ್ಮಲ್ಲಿ ನಂಜೇ ಇಲ್ಲ' ಎನ್ನುವ ಕಡೆ ನಂಜಿಲ್ಲವೋ, ನೋಡುವವರಿಲ್ಲವೋ ಎಂದು ವಿಚಾರಿಸುವುದು ಲೇಸು. ಹಾಗೆಯೇ ಎಲ್ಲ ಗಾಯಗಳೂ ಒಂದೇ ಜಾತಿಯವಲ್ಲ. ಮುಂಚೆಯೇ ದಿನ ಗೊತ್ತುಮಾಡಿ ನಡೆಸುವ ಥೈರಾಯ್ಡ್ ಶಸ್ತ್ರಕ್ರಿಯೆಯ ಗಾಯ ಶುದ್ಧ ಗಾಯ. ಕರುಳು ಒಡೆದು ಬಂದವನದು, ಲಾರಿಗೆ ಸಿಕ್ಕಿ ಮಣ್ಣು ಮೆತ್ತಿದ ಕಾಲಿನೊಡನೆ ಬಂದವನದು ಮಲಿನ ಗಾಯ. ನಡುರಾತ್ರಿಯ ಅಪಘಾತವನ್ನೆಲ್ಲ ಸ್ವೀಕರಿಸುವ ಸರ್ಕಾರಿ ಆಸ್ಪತ್ರೆಯನ್ನೂ, ಆಯ್ದ ಶಸ್ತ್ರಕ್ರಿಯೆಗಳನ್ನಷ್ಟೇ ನಡೆಸುವ ನರ್ಸಿಂಗ್ ಹೋಮನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಆಸ್ಪತ್ರೆಯನ್ನು ಆರಿಸುವಾಗ 'ನಿಮ್ಮಲ್ಲಿ ನಂಜು ಎಷ್ಟು?' ಎನ್ನುವುದಕ್ಕಿಂತ 'ಮನೆಗೆ ಹೋದ ಮೇಲೆ ನಮ್ಮನ್ನು ಯಾರು ವಿಚಾರಿಸುತ್ತಾರೆ?' ಎಂದು ಕೇಳುವುದೇ ಹೆಚ್ಚು ಫಲಕಾರಿ ಎಂಬುದು ನಮ್ಮ ಅಭಿಮತ.

ತಡೆಯುವ ಉಪಾಯಗಳಲ್ಲಿ ಬಹುಪಾಲು ಆಸ್ಪತ್ರೆಯ ಹೊಣೆ. ಉಪಕರಣಗಳ ಆವಿಶುದ್ಧಿ, ಕೈ ತೊಳೆಯುವಿಕೆ, ಶಸ್ತ್ರಕ್ರಿಯೆಯ ವೇಳೆ ರೋಗಿಯ ಮೈ ತಣ್ಣಗಾಗದಂತೆ ಕಾಯುವುದು ಮುಂತಾದವು. 2022ರಲ್ಲಿ ಪ್ರಕಟವಾದ ಒಂದು ಪ್ರಯೋಗ ಭಾರತವೂ ಸೇರಿ ಏಳು ದೇಶಗಳ 81 ಆಸ್ಪತ್ರೆಗಳಲ್ಲಿ ನಡೆಯಿತು. ಹೊಟ್ಟೆಯ ಶಸ್ತ್ರಕ್ರಿಯೆಯಲ್ಲಿ ಗಾಯ ಹೊಲಿಯುವ ಮುನ್ನ ಹೊಸ ಕೈಗವಸು, ಹೊಸ ಉಪಕರಣಗಳನ್ನು ತೆಗೆದುಕೊಳ್ಳುವುದಷ್ಟೇ ಅದರ ಕ್ರಮ. ಅಷ್ಟರಿಂದಲೇ ನಂಜು ನೂರಕ್ಕೆ 18.9ರಿಂದ 16ಕ್ಕೆ ಇಳಿಯಿತು. ಆಂಟಿಬಯಾಟಿಕ್ ವಿಷಯದಲ್ಲಿ ಮಾತ್ರ ನಮ್ಮ ಮನೆಗಳ ತಪ್ಪುಗ್ರಹಿಕೆಯೊಂದನ್ನು ಹೇಳಲೇಬೇಕು. ನಂಜು ತಡೆಯುವ ಇಂಜೆಕ್ಷನ್ ಬೇಕಾದ ಶಸ್ತ್ರಕ್ರಿಯೆಗಳಲ್ಲಿ ಅದನ್ನು ಕೊಯ್ಯುವ ಮುನ್ನ, ಎರಡು ಗಂಟೆಗಳೊಳಗೆ ಕೊಡಬೇಕೆಂದೂ, ಶಸ್ತ್ರಕ್ರಿಯೆ ಮುಗಿದ ಮೇಲೆ ಬರಿಯ ಮುಂಜಾಗ್ರತೆಗೆಂದು ಮುಂದುವರಿಸಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆ 2016ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. 'ಇನ್ನೂ ನಾಲ್ಕು ದಿನ ಇಂಜೆಕ್ಷನ್ ಹಾಕಿಸಿ ಡಾಕ್ಟ್ರೇ' ಎಂದು ಒತ್ತಾಯಿಸುವ ಬಂಧುಗಳು ರೋಗಿಗೆ ಉಪಕಾರ ಮಾಡುತ್ತಿಲ್ಲ. ಔಷಧಕ್ಕೆ ಬಗ್ಗದ ಸೂಕ್ಷ್ಮಾಣುಗಳನ್ನು ಸಾಕುತ್ತಿದ್ದಾರೆ.

ಇನ್ನು ಮನೆಯ ಪಾಲು. ಶಸ್ತ್ರಕ್ರಿಯೆಯ ಹಿಂದಿನ ರಾತ್ರಿ ಮನೆಯಲ್ಲಿ ಬ್ಲೇಡಿನಿಂದ ಕೂದಲು ತೆಗೆಸಿಕೊಂಡು ಬರುವ ಪದ್ಧತಿ ನಮ್ಮಲ್ಲಿ ಇಂದಿಗೂ ಉಂಟು. ಬ್ಲೇಡು ಚರ್ಮದಲ್ಲಿ ಕಣ್ಣಿಗೆ ಕಾಣದ ಗೀರುಗಳನ್ನು ಮಾಡುತ್ತದೆ, ಅಲ್ಲಿ ಸೂಕ್ಷ್ಮಾಣು ಮನೆ ಮಾಡುತ್ತದೆ. ಕ್ಯಾಲ್ಗರಿಯ ಎಣಿಕೆಯಲ್ಲಿ ಹೀಗೆ ಬೋಳಿಸಿದವರಲ್ಲಿ ನಂಜು ನೂರಕ್ಕೆ ಎರಡಕ್ಕಿಂತ ಹೆಚ್ಚು, ಕೂದಲು ಮುಟ್ಟದವರಲ್ಲಿ ಒಂದಕ್ಕಿಂತ ಕಡಿಮೆ. ತೆಗೆಯಲೇಬೇಕಿದ್ದರೆ ಆಸ್ಪತ್ರೆಯವರು ಕ್ಲಿಪ್ಪರಿನಿಂದ ಕತ್ತರಿಸುತ್ತಾರೆ. ಮನೆಯಲ್ಲಿ ಮಾಡಬೇಕಾದದ್ದು ಸೋಪು ಹಚ್ಚಿ ಚೆನ್ನಾಗಿ ಸ್ನಾನ. ಬೀಡಿ, ಸಿಗರೇಟು, ಹೊಗೆಸೊಪ್ಪುಗಳನ್ನು ಸಾಧ್ಯವಾದರೆ ನಾಲ್ಕು ವಾರ ಮೊದಲೇ ಬಿಡಬೇಕು. ಸಕ್ಕರೆ ಕಾಯಿಲೆಯಿದ್ದರೆ ಮುಚ್ಚಿಡಬಾರದು. ರಕ್ತದಲ್ಲಿ ಸಕ್ಕರೆ ಏರಿದ್ದಷ್ಟೂ ಗಾಯ ಮಾಯುವುದು ಕಷ್ಟ. ಪರೀಕ್ಷೆಯಲ್ಲಿ ಸಕ್ಕರೆ ಹೆಚ್ಚು ಬಂದು ವೈದ್ಯರು ದಿನ ಮುಂದೂಡಿದರೆ, ಒಳ್ಳೆಯ ಮುಹೂರ್ತ ತಪ್ಪಿತೆಂದು ಅಸಮಾಧಾನ ಪಡುವುದು ಬೇಡ.

ಮನೆಗೆ ಬಂದ ಮೇಲೆ ನಮ್ಮ ತಾಯಂದಿರ ಅಕ್ಕರೆ ಒಮ್ಮೊಮ್ಮೆ ಗಾಯಕ್ಕೆ ಮುಳುವಾಗುತ್ತದೆ. ಅರಿಸಿನ, ಕೊಬ್ಬರಿ ಎಣ್ಣೆ, ಬೆಣ್ಣೆ, ಗಿಡಮೂಲಿಕೆಯ ರಸ, ಯಾವುದನ್ನೂ ಹೊಲಿಗೆಯ ಮೇಲೆ ಹಚ್ಚಲಾಗದು. ಅಡುಗೆಮನೆಯ ಡಬ್ಬಿಯ ಅರಿಸಿನ ಸಾರಿಗೆ ಶುದ್ಧ, ತೆರೆದ ಗಾಯಕ್ಕೆ ಶುದ್ಧವಲ್ಲ. ವಿಭೂತಿಯ ಮಾತೂ ಅಷ್ಟೇ. ಅದು ಲಲಾಟದಲ್ಲಿ ಧರಿಸತಕ್ಕದ್ದು. ಗಟ್ಟಿಯನ್ನು ಎಷ್ಟು ಮಡಿಯಿಂದ ಮಾಡಿದ್ದರೂ ಮುಟ್ಟಿದ ಕೈಗಳು ಹಲವಾರು. ಇದರಲ್ಲಿ ಶಾಸ್ತ್ರಕ್ಕೆ ಅಪಚಾರವೇನೂ ಇಲ್ಲ. ವ್ರಣವಿರುವವನು ಉಗುರು ಕೂದಲು ಕತ್ತರಿಸಿಕೊಂಡು, ಶುಚಿಯಾಗಿ, ಬಿಳಿಯ ಬಟ್ಟೆಯುಟ್ಟು ಇರಬೇಕೆಂದು ಸುಶ್ರುತನೇ ವಿಧಿಸಿದ್ದಾನೆ. ಅವನ ಕೊಠಡಿಗೆ ಸಾಸಿವೆ, ಬೇವಿನೆಲೆಗಳ ಧೂಪವನ್ನೂ ಹೇಳಿದ್ದಾನೆ. ಇಂದು ಧೂಪದ ಬದಲು ತೊಳೆದ ಕೈ ಸಾಕು.

ಪಥ್ಯದ ವಿಷಯದಲ್ಲಿಯೂ ಹೀಗೆಯೇ. 'ಬೇಳೆ ನಂಜು, ಬದನೆಕಾಯಿ ನಂಜು, ಹಾಲು ಕುಡಿದರೆ ಕೀವು' ಎಂದು ಬಾಣಂತಿಗೆ ಅನ್ನ, ಸಪ್ಪೆ ಸಾರು ಬಿಟ್ಟು ಬೇರೇನನ್ನೂ ಕೊಡದ ಮನೆಗಳನ್ನು ನಾವು ಬಲ್ಲೆವು. ಕೀವು ಸೂಕ್ಷ್ಮಾಣುವಿನಿಂದ ಆಗುತ್ತದೆಯೇ ಹೊರತು ತೊಗರಿಬೇಳೆಯಿಂದಲ್ಲ. ಹೊಸ ಚರ್ಮ ಕೂಡಿಕೊಳ್ಳಲು ಬೇಕಾದ ಪೌಷ್ಟಿಕಾಂಶ ಶಾಕಾಹಾರಿಗಳಾದ ನಮಗೆ ದೊರೆಯುವುದೇ ಬೇಳೆ, ಕಾಳು, ಹಾಲು, ಮೊಸರುಗಳಿಂದ. ಅವನ್ನೇ ನಿಲ್ಲಿಸಿದರೆ ಗಾಯ ಕೂಡುವುದಾದರೂ ಯಾವುದರಿಂದ? ವೈದ್ಯರು ನಿರ್ದಿಷ್ಟವಾಗಿ ಬೇಡವೆಂದದ್ದನ್ನು ಮಾತ್ರ ಬಿಡಬೇಕು.

ಬಿಡುಗಡೆಯ ಚೀಟಿಯನ್ನು ಬೀರುವಿನೊಳಗೆ ಇಡದೆ ಕಣ್ಣಿಗೆ ಬೀಳುವ ಕಡೆ ಇಡಿರಿ. ಶಸ್ತ್ರಕ್ರಿಯೆಯಾದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ, ಅಲ್ಲಿಂದ 30 ದಿನಗಳವರೆಗೆ, ಒಳಗೆ ಏನಾದರೂ ಇರಿಸಿದ್ದರೆ 90 ದಿನಗಳವರೆಗೆ, ಮನೆಯಲ್ಲಿ ಒಬ್ಬರು ಕೈ ತೊಳೆದುಕೊಂಡು ಗಾಯವನ್ನು ನೋಡುತ್ತಿರಲಿ. ಕೆಂಪು ಹರಡುವುದು, ಮುಟ್ಟಿದರೆ ಬಿಸಿ, ದಿನೇ ದಿನೇ ಹೆಚ್ಚುವ ನೋವು, ಊತ, ಕೀವು, ದುರ್ವಾಸನೆ, ಹೊಲಿಗೆ ಬಿಡುವುದು, ಚಳಿಜ್ವರ, ಇವುಗಳಲ್ಲಿ ಯಾವುದೊಂದು ಕಂಡರೂ ಅಂದೇ ಹೋಗಬೇಕು. ಕೈಯಲ್ಲಿರುವ ಮೊಬೈಲಿನಿಂದ ಗಾಯದ ಚಿತ್ರ ತೆಗೆದಿಟ್ಟರೆ ವೈದ್ಯರಿಗೆ ಅನುಕೂಲ. ಊರು ದೂರವಾಗಿ ಹತ್ತಿರದ ವೈದ್ಯರಿಗೇ ಮೊದಲು ತೋರಿಸಿದರೂ, ಶಸ್ತ್ರಕ್ರಿಯೆ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿ ರೋಗಿಯ ಹೆಸರು, ದಾಖಲಾತಿ ಸಂಖ್ಯೆ, ನಂಜು ಕಂಡ ದಿನಾಂಕ ಇಷ್ಟನ್ನು ಹೇಳಿ, 'ಇದನ್ನು ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ' ಎಂದು ಕೇಳಿರಿ. ಅದು ದೂರಲ್ಲ. ಮುಂದಿನ ವಾರ ಅದೇ ಮೇಜಿನ ಮೇಲೆ ಮಲಗಲಿರುವ ಇನ್ನೊಬ್ಬ ತಾಯಿಗೆ ಆ ಬರಹ ಬೇಕಾಗಿದೆ.