ಗೆರೆ ಎಳೆದರೆ ಓದಿದಂತಾಯಿತೇ?

ಕೆಲವು ವರ್ಷಗಳ ಹಿಂದಿನ ಮಾತು. ವೈದ್ಯಕೀಯ ಕಾಲೇಜಿನಲ್ಲಿ ಮೊದಲ ಆಂತರಿಕ ಪರೀಕ್ಷೆಯ ಅಂಕಗಳು ಹೊರಬಿದ್ದ ಮರುದಿನ ಬಾಗಲಕೋಟೆ ಕಡೆಯ ಪಾಲಕರೊಬ್ಬರು ಮಗನನ್ನು ಕರೆದುಕೊಂಡು ನನ್ನ ಕೊಠಡಿಗೆ ಬಂದರು.

“ಸರ್ರ, ಹುಡುಗ ಪಿಯುಸಿಗೆ 96 ಪರ್ಸೆಂಟ್ ತಗೊಂಡಾನ್ರಿ. ಇಲ್ಲಿ ಬಂದು ನೂರಕ್ಕ 31. ಓದೂದ ಬಿಟ್ಟಾನೋ ಏನೋ, ನೀವ ಕೇಳ್ರಿ.”

ಹುಡುಗ ನೆಲ ನೋಡುತ್ತಿದ್ದ. ಕೈಯಲ್ಲಿ ಅಂಗರಚನಾಶಾಸ್ತ್ರದ ಪುಸ್ತಕವಿತ್ತು. ತೆರೆದು ನೋಡಿದರೆ ಪುಟದ ತುಂಬ ಹಳದಿ, ಗುಲಾಬಿ, ಹಸಿರು ಗೆರೆಗಳು. ಗೆರೆ ಬೀಳದ ಸಾಲನ್ನೇ ಹುಡುಕಬೇಕಿತ್ತು! ಪುಸ್ತಕ ಮುಚ್ಚಿ ಬಿಳಿ ಹಾಳೆ ಕೊಟ್ಟು, ತೋಳಿನ ನರಜಾಲದ ಚಿತ್ರ ಬರೆಯಲು ಹೇಳಿದೆ. ಎರಡು ಗೆರೆ ಎಳೆದು ನಿಲ್ಲಿಸಿದ. “ನಿನ್ನೆ ರಾತ್ರಿ ಮೂರು ಸಲ ಓದೀನ್ರಿ ಸರ್” ಎಂದವನ ಕಣ್ಣು ತುಂಬಿ ಬಂತು. ಊರಿಗೆ ಹೋಗಿ ಬೇರೆ ಏನಾದರೂ ಓದುತ್ತೇನೆ ಎಂದು ಹಿಂದಿನ ರಾತ್ರಿಯೇ ತಾಯಿಗೆ ಹೇಳಿದ್ದನಂತೆ.

ಅವನು ಸುಳ್ಳು ಹೇಳುತ್ತಿರಲಿಲ್ಲ. ಓದಿದ್ದ. ಆದರೆ ಪುಸ್ತಕದಲ್ಲಿ ಕಂಡದ್ದನ್ನು ಗುರುತು ಹಿಡಿಯುವುದು ಬೇರೆ, ಪುಸ್ತಕವಿಲ್ಲದೆ ನೆನಪಿನಿಂದ ತೆಗೆಯುವುದು ಬೇರೆ. ನೀಟ್ ಪರೀಕ್ಷೆಯಲ್ಲಿ ನಾಲ್ಕು ಉತ್ತರ ಕಣ್ಣ ಮುಂದೆಯೇ ಇರುತ್ತವೆ. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಮೂಳೆಯೊಂದನ್ನು ಕೈಗೆ ಕೊಟ್ಟು ಸುಮ್ಮನೆ ಮುಖ ನೋಡುತ್ತಾರೆ! ದೇಹದ 206 ಮೂಳೆಗಳ ಹೆಸರು ಕಲಿಯುವುದು ದೊಡ್ಡದಲ್ಲ. ಯಾವುದಕ್ಕೆ ಯಾವ ಸ್ನಾಯು ಅಂಟಿದೆ, ಪಕ್ಕದಲ್ಲಿ ಯಾವ ನರ ಹಾದಿದೆ ಎಂಬಲ್ಲಿ ಕಷ್ಟ. ಇದರ ಜೊತೆಗೇ ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರ ಬೇರೆ.

ಜರ್ಮನಿಯ ಎಬಿಂಗ್‌ಹೌಸ್ ಎಂಬ ವಿದ್ವಾಂಸ ಅರ್ಥವಿಲ್ಲದ ಅಕ್ಷರಗಳನ್ನು ತಾನೇ ಬಾಯಿಪಾಠ ಮಾಡಿ, ಮರೆವು ಎಷ್ಟು ಬೇಗ ಬರುತ್ತದೆಂದು ಅಳೆದು 1885ರಲ್ಲೇ ಪ್ರಕಟಿಸಿದ್ದ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಸ್ವಾರಸ್ಯದ್ದು. ವಿದ್ಯಾರ್ಥಿಗಳು ಒಂದು ಪಾಠವನ್ನು ಎರಡು ಸಲ ಓದಿದರು. ಇನ್ನೊಂದು ಪಾಠವನ್ನು ಒಮ್ಮೆ ಓದಿ, ಮುಚ್ಚಿಟ್ಟು, ನೆನಪಿದ್ದಷ್ಟು ಬರೆದರು. ಐದು ನಿಮಿಷದ ನಂತರ ಕೇಳಿದರೆ ಎರಡು ಸಲ ಓದಿದ ಪಾಠವೇ ಮುಂದು: ಶೇ 81, ಇನ್ನೊಂದು ಶೇ 75. ವಾರ ಕಳೆದ ಮೇಲೆ ಲೆಕ್ಕ ತಿರುವುಮುರುವಾಯಿತು. ಓದಿದ್ದು ಶೇ 42, ಬರೆದು ನೋಡಿದ್ದು ಶೇ 56. ಪರೀಕ್ಷೆಯ ಹಿಂದಿನ ರಾತ್ರಿ “ಎಲ್ಲ ಬರುತ್ತದೆ” ಎಂಬ ಧೈರ್ಯ ಏಕೆ ಕೈಕೊಡುತ್ತದೆ ಎಂಬುದಕ್ಕೆ ಉತ್ತರ ಇಲ್ಲಿದೆ.

ಆ ಹುಡುಗನಿಗೆ ಬಣ್ಣದ ಪೆನ್ನುಗಳನ್ನು ಪಕ್ಕಕ್ಕಿಡಲು ಹೇಳಿದೆ. ಒಂದು ಭಾಗ ಓದು, ಪುಸ್ತಕ ಮುಚ್ಚು, ಚಿತ್ರ ಬರಿ, ತಪ್ಪಿದ್ದನ್ನು ತಿದ್ದು. ಅದನ್ನೇ ಮರುದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು ಮತ್ತೆ ಬರಿ. ಮೊದಮೊದಲು ಇದು ಬಹಳ ಬೇಸರದ ಕೆಲಸ. ಓದಿದರೆ ಹತ್ತು ಪುಟ ಮುಗಿಯುವ ಹೊತ್ತಿನಲ್ಲಿ ಬರೆದರೆ ಎರಡು ಪುಟ. “ಹಿಂದ ಬೀಳ್ತೀನ್ರಿ” ಎಂದು ಹುಡುಗ ಎರಡು ಸಲ ಬಂದು ಗೋಗರೆದ.

ಶರೀರಕ್ರಿಯಾಶಾಸ್ತ್ರದಲ್ಲಿ ಇನ್ನೊಂದು ದಾರಿಯಿದೆ: “ಯಾಕೆ?” ಎಂದು ಕೇಳುತ್ತ ಹೋಗುವುದು. ಅಪಘಾತದಲ್ಲಿ ರಕ್ತ ಸೋರಿದವನ ಕೈ ತಣ್ಣಗೇಕೆ? ರಕ್ತದೊತ್ತಡ ಇಳಿದದ್ದನ್ನು ಕುತ್ತಿಗೆಯ ರಕ್ತನಾಳದ ಗ್ರಾಹಕಗಳು ಮೆದುಳಿಗೆ ತಿಳಿಸುತ್ತವೆ. ಹೃದಯದ ಬಡಿತ ಏರುತ್ತದೆ, ಚರ್ಮದ ರಕ್ತನಾಳಗಳು ಬಿಗಿಯುತ್ತವೆ, ಇರುವ ರಕ್ತ ಹೃದಯ, ಮೆದುಳಿಗೆ ಉಳಿಯುತ್ತದೆ. ಈ ಸರಪಳಿಯನ್ನು ಪಕ್ಕದ ಹಾಸಿಗೆಯ ಗೆಳೆಯನಿಗೆ ಬಾಯಲ್ಲಿ ಹೇಳಿ ನೋಡಿ. ಎಲ್ಲಿ ತಡವರಿಸುತ್ತೀರೋ ಅಲ್ಲಿಂದ ಓದಲು ಶುರುಮಾಡಿ.

ಕನ್ನಡ ಮಾಧ್ಯಮದಿಂದ ಬಂದವರ ಸಂಕಟ ಬೇರೆ. ಇಂಗ್ಲಿಷ್ ವಾಕ್ಯ ಬಿಡಿಸುವುದರಲ್ಲೇ ರಾತ್ರಿ ಕಳೆಯುತ್ತದೆ. ವಿಷಯವನ್ನು ಕನ್ನಡದಲ್ಲಿ ಮಾತಾಡಿ ಅರ್ಥ ಮಾಡಿಕೊಂಡು, ಉತ್ತರವನ್ನು ಇಂಗ್ಲಿಷಿನಲ್ಲಿ ಬರೆದು ಅಭ್ಯಾಸ ಮಾಡುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಮುಂದೆ ವಾರ್ಡಿಗೆ ಹೋದಾಗ ಅಜ್ಜಿಯೊಬ್ಬಳು “ಎದಿಯಾಗ ಕಳಮಳ” ಎಂದರೆ ಕಾನ್ವೆಂಟಿನ ಮಕ್ಕಳು ಇವರ ಮುಖವನ್ನೇ ನೋಡುತ್ತಾರೆ!

ನರ್ಸಿಂಗ್ ಓದುವವರಿಗೂ ಇದೇ ಮಾತು. ಔಷಧಿಯ ಪ್ರಮಾಣದ ಲೆಕ್ಕವನ್ನು ಬಿಡಿಸಿದ್ದು ನೋಡಿದರೆ ಸುಲಭ. ಕೈಯಿಂದ ಇಪ್ಪತ್ತು ಸಲ ಬಿಡಿಸಿದವರೇ ರಾತ್ರಿ ಪಾಳಿಯಲ್ಲಿ ತಪ್ಪದೆ ಮಾಡಬಲ್ಲರು. ಅಲ್ಲಿ ಒಂದು ಸೊನ್ನೆ ಹೆಚ್ಚಾದರೆ ಹೋಗುವುದು ಅಂಕವಲ್ಲ.

2019ರಲ್ಲಿ ಎಂಬಿಬಿಎಸ್ ಪಠ್ಯಕ್ರಮ ಬದಲಾದಾಗ ಆರಂಭದಲ್ಲೇ ಒಂದು ತಿಂಗಳ ಫೌಂಡೇಶನ್ ಕೋರ್ಸ್ ಬಂತು. ಭಾಷೆ, ಕಲಿಕೆಯ ಕೌಶಲ ಅದರಲ್ಲಿ ಸೇರಿದ್ದವು. ಒಳ್ಳೆಯ ಹೆಜ್ಜೆ. ಆದರೆ ಈಜುವುದು ಹೇಗೆಂದು ದಡದ ಮೇಲೆ ಎಷ್ಟು ಹೇಳಿದರೇನು? ಪಾಠ ನಡೆಯುವಾಗಲೇ, ಆ ವಿಷಯದ ಅಧ್ಯಾಪಕರೇ ಕಲಿಸಬೇಕೆಂದು ನನ್ನ ಅಭಿಪ್ರಾಯ.

ಇನ್ನು ಪಾಲಕರು. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ “ಎಷ್ಟು ಓದಿದಿ?” ಎನ್ನಬೇಡಿ. “ಊಟ ಆತೇನು, ನಿದ್ದಿ ಮಾಡ್ತೀಯೇನು?” ಎಂದು ಕೇಳಿ. ನಿದ್ದೆಗೆಟ್ಟು ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ. ಮಗ ಅಥವಾ ಮಗಳು ಊಟ ಬಿಟ್ಟರೆ, ಮಾತು ಬಿಟ್ಟರೆ, “ನನ್ನ ಕೈಲಾಗದು” ಎಂದು ಪದೇ ಪದೇ ಅಂದರೆ ಅದನ್ನು ಸೋಮಾರಿತನ ಎನ್ನದೆ ಕೂಡಲೇ ಹೋಗಿ ಕಾಣಿ. ಅಧ್ಯಾಪಕರಿಗೂ ತಿಳಿಸಿ. ಅಗತ್ಯವಿದ್ದರೆ ಮನೋವೈದ್ಯರಲ್ಲಿಗೂ ಕರೆದೊಯ್ಯಿರಿ.

ಎರಡನೆಯ ಆಂತರಿಕ ಪರೀಕ್ಷೆಯಲ್ಲಿ ಆ ಹುಡುಗನಿಗೆ 54 ಬಂತು. ಸಂಜೆ ತಂದೆಯ ಫೋನ್ ಬಂತು.

“ಸರ್ರ, 54 ಅಂದ್ರ ಭಾಳ ಕಡಿಮಿ ಆತಲ್ರೀ?”

ತೋಳಿನ ನರಜಾಲದ ಚಿತ್ರ ಈಗ ಪೂರ್ತಿ ಬರೆಯುತ್ತಾನೆ ಎಂದೆ. ಅದೇನೆಂದು ಅವರಿಗೆ ತಿಳಿಯಲಿಲ್ಲ. “ಹಂಗಾರ ಊರಿಗೆ ಬರೂದಿಲ್ಲ ಅಂತಾನೇನ್ರಿ?” ಎಂದು ಕೇಳಿದರು. ಇಲ್ಲ, ಇಲ್ಲೇ ಇರುತ್ತಾನಂತೆ ಎಂದೆ.